ಮೂವತ್ತಾರು ತೂತಿನ ಹಬ್

ಆ ಹಬ್ ಒಡೆದದ್ದು ನನ್ನ ಕೈಯಲ್ಲಿ. ಮೊದಲ ಸಾಲಿನಲ್ಲೇ ಇದನ್ನು ಬರೆದುಬಿಡುತ್ತೇನೆ. ಇಷ್ಟು ಸಣ್ಣ ಮಾತನ್ನು ಬಾಯಿಬಿಟ್ಟು ಹೇಳಲು ನನಗೆ ಹದಿನೇಳು ದಿನ ಬೇಕಾದವು. ಆ ಹದಿನೇಳು ದಿನಗಳಲ್ಲಿ ಒಬ್ಬ ಮನುಷ್ಯನ ಕೆಲಸ ಹೋಯಿತು.

ಚೆಂಬೂರಿನ ಒಂದು ಕಾಲನಿಯ ಕಾಂಪೌಂಡ್ ಗೋಡೆಗೆ ಅಂಟಿಕೊಂಡು ನನ್ನ ಸೈಕಲ್ ರಿಪೇರಿ ಅಂಗಡಿ ಇದೆ. ಎದುರು ಬಿಲ್ಡಿಂಗಿನ ವಾಚ್‌ಮನ್ ಯಾದಗಿರಿ ಕಡೆಯವನು, ನಾನು ವಿಜಯಪುರ ಜಿಲ್ಲೆಯವನು. ಡ್ಯೂಟಿ ಮುಗಿಸಿ ಹೋಗುವಾಗ ಅವನು ನನ್ನ ಅಂಗಡಿಯ ಸ್ಟೂಲಿನ ಮೇಲೆ ಹತ್ತು ನಿಮಿಷ ಕೂತು, ಚಹಾ ಕುಡಿದು, ಊರಿನ ಸುದ್ದಿ ಹೇಳಿ ಹೋಗುತ್ತಿದ್ದ. ಜನವರಿಯ ಒಂದು ಬೆಳಿಗ್ಗೆ ಅವನು ಒಂದು ಹಳೆಯ ಸೈಕಲ್ಲನ್ನು, ಹಿಂದಿನ ಚಕ್ರ ನೆಲಕ್ಕೆ ತಾಗದಂತೆ ಎತ್ತಿ ಹಿಡಿದು, ಮುಂದಿನ ಚಕ್ರದ ಮೇಲೆ ಉರುಳಿಸುತ್ತಾ ತಂದ. ಅವನ ಹಿಂದೆ ಅರವತ್ತು ದಾಟಿದ ಒಬ್ಬ ಹೆಂಗಸು ಮೊಣಕಾಲಿಗೆ ಕೈಯೂರಿ ನಿಂತು ನಿಂತು ಬರುತ್ತಿದ್ದರು. ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸಿ ನಿವೃತ್ತರಾದವರು. ಇಡೀ ಬಿಲ್ಡಿಂಗಿಗೆ ಅವರು ಟೀಚರ್.

"ಅಣ್ಣಾ, ಗೇರಿನ ಸೈಕಲ್ ಛಲೋ ನೋಡವ್ರು ಯಾರರ ಅದಾರೇನು ಅಂತ ಟೀಚರ್ ಕೇಳಿದ್ರು," ಎಂದ ವಾಚ್‌ಮನ್. "ನಮ್ಮ ಕಡಿಯವ್ರು ಒಬ್ರು ಅದಾರ್ರಿ, ಅವರ ಕೈಯಾಗ ಕೊಟ್ರ ಚಿಂತಿ ಇಲ್ಲ ಅಂತ ನಾನೇ ಕರ್ಕೊಂಡ್ ಬಂದೀನಿ."

ಟೀಚರ್ ಸೀಟಿನ ಮೇಲೆ ಕೈ ಇಟ್ಟರು. "ಇದು ಈಗಿನದ್ದಲ್ಲ ಮಾರಾಯ್ರೆ. ನನ್ನ ಅಣ್ಣ ಹಡಗಿನಲ್ಲಿ ಕೆಲಸಕ್ಕಿದ್ದಾಗ ತಂದುಕೊಟ್ಟದ್ದು. ನಾನು ರೇಸಿಗೆ ಹೋದದ್ದೆಲ್ಲ ಇದರಲ್ಲೇ. ಹಿಂದಿನ ಚಕ್ರ ಆಚೆ ಈಚೆ ಆಡ್ತದೆ ನೋಡಿ."

ತೆಳುವಾದ ಉಕ್ಕಿನ ಕೊಳವೆಗಳು, ಬಾಗಿದ ಹ್ಯಾಂಡಲ್, ಫ್ರೇಮಿನ ಮೇಲೆಯೇ ಇರುವ ಗೇರಿನ ಎರಡು ಸಣ್ಣ ಹಿಡಿಗಳು. ಒಂದು ಚೂರೂ ತುಕ್ಕಿರಲಿಲ್ಲ. ಹಿಂದಿನ ಚಕ್ರ ಬಿಚ್ಚಿದೆ. ನಡುವಿನ ಆಕ್ಸಲ್ ಎರಡು ತುಂಡಾಗಿ ಅಂಗೈ ಮೇಲೆ ಬಿತ್ತು. ಆ ಕಾಲದ ಗೇರಿನ ಸೈಕಲ್ಲುಗಳಲ್ಲಿ ಇದು ಆಗುವಂಥದ್ದೇ. ಆಕ್ಸಲ್ ಸಿಗುತ್ತದೆ, ಹಾಕಬಹುದು.

"ಎಷ್ಟು ದಿನ ಬೇಕು? ಮುಂದಿನ ತಿಂಗಳು ಎರಡೂ ಮೊಣಕಾಲಿಗೆ ಆಪರೇಶನ್ ಉಂಟು. ಆಮೇಲೆ ರೋಡಿನಲ್ಲಿ ಸೈಕಲ್ ಬೇಡ ಅಂದಿದ್ದಾರೆ ಡಾಕ್ಟರ್. ಅದಕ್ಕೆ ಮೊದಲು ಒಂದು ಆದಿತ್ಯವಾರ ಬೆಳಿಗ್ಗೆ ಇಲ್ಲಿಂದ ಮರೀನ್ ಡ್ರೈವ್‌ವರೆಗೆ ಹೋಗಬೇಕು ಅಂತ ನಾವು ಮೂರು ಜನ ಮಾತಾಡಿಕೊಂಡಿದ್ದೇವೆ. ಮೂವರೂ ಹಳೇ ರೇಸಿನವರು. ಹೋಗುವುದು ಸೈಕಲ್ಲಲ್ಲಿ, ಬರುವುದು ಟೆಂಪೋದಲ್ಲಿ," ಎಂದು ನಕ್ಕರು. "ನಡೀಲಿಕ್ಕೆ ಕಷ್ಟ. ಪೆಡಲ್ ಮಾಡ್ಲಿಕ್ಕೆ ಆಗ್ತದೆ."

"ಮೂರು ದಿನ ಕೊಡ್ರಿ ಟೀಚರ್. ಹೊಸಾದರ ಹಂಗ ಮಾಡಿ ಕೊಡ್ತೀನಿ," ಎಂದೆ. ವಾಚ್‌ಮನ್ ಹೆಮ್ಮೆಯಿಂದ ಅವರ ಮುಖ ನೋಡಿದ.

ಹಬ್ ಎಂದರೆ ಚಕ್ರದ ನಡುವಿನ ಭಾಗ. ಅದರೊಳಗೆ ಆಕ್ಸಲ್ ಹಾದುಹೋಗುತ್ತದೆ. ಅದರ ಎರಡೂ ಅಂಚಿನ ತೂತುಗಳಿಂದ ಕಡ್ಡಿಗಳು ಹೊರಟು ರಿಮ್ಮನ್ನು ಹಿಡಿಯುತ್ತವೆ. ಟೀಚರ ಸೈಕಲ್ಲಿನ ಹಬ್ ಅಲ್ಯೂಮಿನಿಯಂನದು. ಅದರ ಬಲಗಡೆ ಆರು ಹಲ್ಲುಚಕ್ರಗಳ ಫ್ರೀವೀಲ್ ಮರೆಯ ಮೇಲೆ, ಅಂದರೆ ತಿರುಪಿನ ಸುತ್ತುಗಳ ಮೇಲೆ, ತಿರುಚಿ ಕೂತಿತ್ತು. ಆ ಬದಿಯ ಬೇರಿಂಗನ್ನು ತೆಗೆದು ಒಳಗೆ ಹೊಸ ಆಕ್ಸಲ್ ಕೂರಿಸಬೇಕಾದರೆ ಮೊದಲು ಫ್ರೀವೀಲ್ ಬಿಚ್ಚಬೇಕು. ಇದರಲ್ಲಿ ಎರಡೇ ಕಚ್ಚುಗಳಿದ್ದವು. ಆ ಕಚ್ಚಿಗೆ ಸರಿಯಾಗಿ ಕೂರುವ ಹಳೆಯ ನಮೂನೆಯ ಪಾನಾ ನನ್ನ ಹತ್ತಿರ ಇರಲಿಲ್ಲ. ಅದು ಯಾರ ಹತ್ತಿರ ಇದೆ ಎಂಬುದು ಗೊತ್ತಿತ್ತು. ಗ್ರಾಂಟ್ ರೋಡ್ ಸ್ಟೇಷನ್ನಿನ ಹತ್ತಿರ ಒಂದು ಗಲ್ಲಿಯಲ್ಲಿ ಬರೀ ಚಕ್ರಗಳನ್ನೇ ಕಟ್ಟುವ ಒಬ್ಬ ಮುದುಕರಿದ್ದಾರೆ. ನಮ್ಮ ಕಸುಬಿನವರೆಲ್ಲ ಅವರನ್ನು ಚಾಚಾ ಎನ್ನುತ್ತೇವೆ. ಹೋಗಿ ಬರಲು ಅರ್ಧ ದಿನ ಸಾಕಿತ್ತು.

ನಾನು ಹೋಗಲಿಲ್ಲ. ಹೋಗದೆ ಇರಲು ದೊಡ್ಡ ಕಾರಣವೇನೂ ಇರಲಿಲ್ಲ. ಬೇರೆ ಕೆಲಸ ಬಾಕಿ ಇತ್ತು ಅನ್ನಬಹುದು. ನಿಜವೆಂದರೆ ಒಂದು ಪಾನಾ ಕೇಳಿಕೊಂಡು ಚಾಚಾನ ಎದುರು ನಿಲ್ಲುವುದು ನನಗೆ ಬೇಡವಾಗಿತ್ತು.

ರಾತ್ರಿಯೆಲ್ಲ ಎಣ್ಣೆ ಹಾಕಿ ಬಿಟ್ಟೆ. ಮರುದಿನ ಮಧ್ಯಾಹ್ನ ಒಂದು ಕಚ್ಚಿಗೆ ಉಳಿ ಕೊಟ್ಟು ಸುತ್ತಿಗೆಯಿಂದ ಹೊಡೆದೆ. ಫ್ರೀವೀಲಿನ ಬದಲು ಇಡೀ ಚಕ್ರವೇ ತಿರುಗಿತು. ಚಕ್ರ ಅಲುಗದಿರಲೆಂದು ಒಂದು ಕಬ್ಬಿಣದ ಸರಳನ್ನು ಕಡ್ಡಿಗಳ ಸಂದಿಯಲ್ಲಿ, ಹಬ್‌ಗೆ ಒತ್ತಿ ಅಡ್ಡ ಕೊಟ್ಟೆ. ಹೀಗೆ ಮಾಡಬಾರದು ಎಂದು ಗೊತ್ತಿತ್ತು. ಹಗುರವಾಗಿ ಎರಡು ಪೆಟ್ಟು, ಜೋರಾಗಿ ಎರಡು ಪೆಟ್ಟು. ಐದನೆಯ ಪೆಟ್ಟಿಗೆ ಟಕ್ ಎಂದಿತು. ಬಿಚ್ಚಿತು ಎಂದು ಒಂದು ಕ್ಷಣ ಖುಷಿಯಾಯಿತು. ಫ್ರೀವೀಲ್ ಇದ್ದಲ್ಲೇ ಇತ್ತು. ಎಡ ಅಂಚಿನಲ್ಲಿ ಎರಡು ತೂತುಗಳ ನಡುವೆ ಹಬ್ ಸೀಳಿತ್ತು, ಒಂದು ಕಡ್ಡಿ ಸಡಿಲಾಗಿ ನೇತಾಡುತ್ತಿತ್ತು.

ಹಬ್‌ನ ಮೈ ವಯಸ್ಸಾಗಿ ಬೂದಿ ಬಣ್ಣಕ್ಕೆ ತಿರುಗಿತ್ತು. ಸೀಳಿನ ಒಳಗೆ ಮಾತ್ರ ಲೋಹ ಬೆಳ್ಳಗೆ ಹೊಳೆಯುತ್ತಿತ್ತು. ಅಂಗಡಿಯಲ್ಲಿ ಯಾರೂ ಇರಲಿಲ್ಲ. ನಾನು ಹಳೆಯ ಕಪ್ಪು ಗ್ರೀಸನ್ನು ಹೆಬ್ಬೆರಳಿನಲ್ಲಿ ತೆಗೆದು ಆ ಸೀಳಿಗೆ ಒತ್ತಿ ಒತ್ತಿ ತುಂಬಿದೆ. ಮೇಲೆ ಬಟ್ಟೆಯಿಂದ ಒರೆಸಿದೆ. ಹಳೆಯ ಒಡಕಿನಂತೆಯೇ ಕಂಡಿತು. ಕೈ ಜಾರುವುದು ಕಸುಬಿನಲ್ಲಿ ಎಲ್ಲರಿಗೂ ಆಗುತ್ತದೆ. ಗ್ರೀಸ್ ತುಂಬಿದ್ದು ಕೈ ಜಾರಿ ಆದದ್ದಲ್ಲ.

ಮೂರನೆಯ ದಿನ ಟೀಚರ್ ಬಂದರು. "ಎಂತ ಆಯ್ತು?"

"ಆಕ್ಸಲ್ ಅಷ್ಟೇ ಅಲ್ರಿ ಟೀಚರ್, ಹಬ್ಬೂ ಒಡದೈತಿ. ಹಳೇ ಒಡಕು. ಎಲ್ಲೋ ಜೋರ್ ಪೆಟ್ಟು ಬಿದ್ದೈತಿ. ಯಾರರ ಕೆಡವ್ಯಾರೇನೊ."

ಕೊನೆಯ ಮಾತು ಬೇಕಾಗಿಯೇ ಇರಲಿಲ್ಲ. ಸುಳ್ಳಿಗೆ ಗಟ್ಟಿತನ ಬರಲಿ ಎಂದು ಸೇರಿಸಿದೆ.

ಅವರು ಕನ್ನಡಕ ಹಾಕಿಕೊಂಡು ಸೀಳನ್ನು ನೋಡಿದರು. "ದೀಪಾವಳಿ ಹೊತ್ತಿಗೆ ಬಿಲ್ಡಿಂಗಿಗೆ ಪೇಂಟ್ ಹೊಡೆದ್ರಲ್ಲ, ಆಗ ಇದನ್ನು ಮೆಟ್ಟಿಲ ಹತ್ರದಿಂದ ಕೆಳಗೆ ಇಳಿಸಿದ್ದು ವಾಚ್‌ಮನ್. ಜಾಗ್ರತೆ ಅಂತ ಎಷ್ಟು ಸಲ ಹೇಳಿದ್ದೆ ನಾನು."

ಆಗಲೇ ಹೇಳಬಹುದಿತ್ತು. ಹೇಳದಿದ್ದರೂ, 'ಅವ ಹಂಗ ಮಾಡವಲ್ಲರಿ' ಎಂದಾದರೂ ಅನ್ನಬಹುದಿತ್ತು. ಯಾರದೋ ಸೈಕಲ್ಲಿಗೆ ಗಾಳಿ ಹೊಡೆಯಲು ನಾನು ಆಚೆ ತಿರುಗಿದೆ.

"ಪಾಪ, ಒಡೆದದ್ದನ್ನು ತಂದು ನಿಮ್ಮ ತಲೆಗೆ ಕಟ್ಟಿದೆ. ಬೇಸರ ಮಾಡ್ಬೇಡಿ," ಎಂದರು ಟೀಚರ್.

ಅವತ್ತಿನಿಂದ ಹುಡುಕಾಟ ಶುರುವಾಯಿತು. ಅಳತೆ ತೆಗೆದೆ. ಹಿಂದಿನ ಚಕ್ರ ಕೂರುವ ಫ್ರೇಮಿನ ಎರಡು ಕಾಲುಗಳ ನಡುವೆ ನೂರಾ ಇಪ್ಪತ್ತಾರು ಮಿಲಿಮೀಟರ್ ಜಾಗ. ರಿಮ್ಮಿನಲ್ಲಿ ಮೂವತ್ತಾರು ತೂತು, ಹಬ್‌ನಲ್ಲೂ ಅಷ್ಟೇ ಇರಬೇಕು. ಬಲಗಡೆ ಹಳೆಯ ಫ್ರೀವೀಲ್ ಕೂರುವ ಮರೆ ಬೇಕು. ಈ ಮೂರೂ ಒಂದೇ ಹಬ್‌ನಲ್ಲಿ ಸಿಗಬೇಕು. ಇಂಥ ಅಗಲದ ಹಬ್ ಮಾಡುವುದನ್ನು ಕಂಪನಿಗಳು ಬಿಟ್ಟು ಬಹಳ ಕಾಲವಾಗಿದೆ.

ಚೆಂಬೂರಿನ ಹೋಲ್‌ಸೇಲ್ ಅಂಗಡಿಯಲ್ಲಿ ಸಿಕ್ಕಿದ್ದು ಹಾಲಿನವರು ಓಡಿಸುವ ಕಪ್ಪು ಸೈಕಲ್ಲಿನ ಹಬ್. ಅದಕ್ಕೆ ನಲವತ್ತು ತೂತು. ನಾನು ಇರುವುದು ಘಾಟ್ಕೋಪರಿನಲ್ಲಿ. ಅಲ್ಲಿನ ಒಂದು ಅಂಗಡಿಯಲ್ಲಿ ದಪ್ಪ ಟಯರಿನ ಗೇರ್ ಸೈಕಲ್ಲಿನ ಹಬ್ ಸಿಕ್ಕಿತು. ಮೂವತ್ತಾರು ತೂತು, ಮರೆಯೂ ಇತ್ತು. ಅಗಲ ಮಾತ್ರ ನೂರಾ ಮೂವತ್ತೈದು. ಎಡಗಡೆಯ ವಾಷರುಗಳನ್ನು ತೆಗೆದು, ಆಕ್ಸಲ್ ಕುಯ್ದು ಒಂಬತ್ತು ಮಿಲಿಮೀಟರ್ ಇಳಿಸಿದೆ. ಲೆಕ್ಕದಲ್ಲಿ ಸರಿಹೋಯಿತು. ಅದಕ್ಕೊಂದು ಹೊಸ ಫ್ರೀವೀಲ್ ಹಾಕಿ ಕೈಯಲ್ಲಿ ತಿರುಗಿಸಿ ನೋಡಿದರೆ ಹಲ್ಲುಚಕ್ರಗಳು ಹಾವು ಹರಿದ ಹಾಗೆ ಓಲಾಡಿದವು. ಹಬ್‌ನ ಮರೆಯನ್ನೇ ಓರೆಯಾಗಿ ಕೊರೆದಿದ್ದರು. ಅದೇ ಡಬ್ಬಿಯಿಂದ ಇನ್ನೆರಡು ತಂದೆ. ಅವೂ ಹಾಗೆಯೇ.

ಆಮೇಲೆ ದುಬಾರಿ ಸೈಕಲ್ ಮಾರುವ ಒಂದು ಅಂಗಡಿಯವರನ್ನು ಕೇಳಿಕೊಂಡು, ಈಗಿನ ರೇಸ್ ಸೈಕಲ್ಲಿನ ಒಂದು ಇಡೀ ಚಕ್ರವನ್ನೇ ಹಾಕಿ ನೋಡಿ ವಾಪಸ್ ಕೊಡುತ್ತೇನೆಂದು ತಂದೆ. ಅದರ ಅಗಲ ನೂರಾ ಮೂವತ್ತು. ನಾಲ್ಕೇ ಮಿಲಿಮೀಟರ್ ಹೆಚ್ಚು. ಉಕ್ಕಿನ ಫ್ರೇಮನ್ನು ಕೈಯಿಂದ ಅಷ್ಟು ಅಗಲಿಸಿ ಚಕ್ರ ಕೂರಿಸುವವರು ಬಹಳ ಜನ ಇದ್ದಾರೆ, ನಾನೂ ಕೂರಿಸಿದ್ದೇನೆ. ಎರಡೂ ಕಾಲುಗಳನ್ನು ಹಿಡಿದು ಎಳೆದೆ. ಚಕ್ರ ಒಳಗೆ ಹೋಯಿತು. ಆದರೆ ಎಡಕ್ಕೆ ವಾಲಿ ನಿಂತಿತು. ಚಕ್ರ ತೆಗೆದು, ಹ್ಯಾಂಡಲಿನ ಕೊಳವೆಯಿಂದ ಹಿಂದಿನವರೆಗೆ ಎರಡೂ ಬದಿಗೆ ಒಂದೇ ದಾರ ಬಿಗಿದು ಅಳೆದು ನೋಡಿದೆ. ಎಡಗಾಲು ಮೂರು ಮಿಲಿಮೀಟರ್ ಹೊರಕ್ಕೆ ಹೋಗಿತ್ತು, ಬಲಗಾಲು ಅಲ್ಲಾಡಿರಲಿಲ್ಲ. ಹಬ್ ಆಯಿತು, ಈಗ ಫ್ರೇಮ್. ಮಧ್ಯಾಹ್ನವೆಲ್ಲ ಕೂತು, ಸ್ವಲ್ಪ ಒತ್ತಿ, ದಾರ ಕಟ್ಟಿ ಅಳೆದು, ಮತ್ತೆ ಸ್ವಲ್ಪ ಒತ್ತಿ ಅದನ್ನು ಮೊದಲಿನ ಜಾಗಕ್ಕೆ ತಂದೆ. ಚಕ್ರವನ್ನು ಅಂಗಡಿಗೆ ವಾಪಸ್ ಕೊಟ್ಟೆ. ಟೀಚರಿಗೆ ಇದನ್ನೂ ಹೇಳಲಿಲ್ಲ.

ಆ ದಿನಗಳಲ್ಲಿ ವಾಚ್‌ಮನ್ ಅಂಗಡಿಗೆ ಬಂದಿರಲಿಲ್ಲ. ನಾನೂ ಆ ಕಡೆ ನೋಡುತ್ತಿರಲಿಲ್ಲ. ಒಂದು ಬೆಳಿಗ್ಗೆ ಗೇಟಿನಲ್ಲಿ ಬೇರೆ ಯಾರೋ ನಿಂತಿದ್ದ. ಕೇಳಿದರೆ, ಮೊದಲಿನವನನ್ನು ತೆಗೆದರಂತೆ, ಏನೋ ನುಕ್ಸಾನ್ ಮಾಡಿದನಂತೆ ಎಂದು ಹಿಂದಿಯಲ್ಲಿ ಹೇಳಿದ. ಏನು ನುಕ್ಸಾನ್ ಎಂದು ನಾನು ಕೇಳಲಿಲ್ಲ. ಕೇಳದಿದ್ದರೆ ಅದು ಬೇರೆ ಏನಾದರೂ ಆಗಿರಬಹುದಿತ್ತು. ಅಂಗಡಿಗೆ ಬಂದು ಇಡೀ ದಿನ ಪಂಕ್ಚರ್ ಹಾಕಿದೆ.

ಹದಿಮೂರನೆಯ ದಿನ ಟೀಚರಿಗೆ ಗ್ರಾಂಟ್ ರೋಡಿನ ಚಾಚಾನ ವಿಷಯ ಹೇಳಿದೆ. ಬೇರೆ ದಾರಿ ಉಳಿದಿರಲಿಲ್ಲ. "ನಾನೂ ಬರ್ತೇನೆ. ಇಷ್ಟು ದಿನ ನೀವೊಬ್ಬರೇ ಅಲೆದದ್ದು ಸಾಕು," ಎಂದರು. ಬೇಡವೆಂದರೂ ಕೇಳಲಿಲ್ಲ. ಚೆಂಬೂರಿನಿಂದ ಕುರ್ಲಾ, ಅಲ್ಲಿಂದ ದಾದರ್, ದಾದರಿನಲ್ಲಿ ಸೇತುವೆ ಹತ್ತಿ ಆಚೆ ಲೈನಿಗೆ ಹೋಗಬೇಕು. ಅವರು ಒಂದು ಮೆಟ್ಟಿಲಿಗೆ ಎರಡೂ ಕಾಲಿಟ್ಟು, ಕಂಬಿ ಹಿಡಿದು ಒಂದೊಂದೇ ಹತ್ತುತ್ತಿದ್ದರು. ಒಡೆದ ಚಕ್ರವನ್ನು ಹೆಗಲಿಗೆ ಹಾಕಿಕೊಂಡು ನಾನು ಹಿಂದೆ ನಿಂತಿದ್ದೆ. ಮೊದಲ ದಿನವೇ ನಾನೊಬ್ಬನೇ ಈ ಸೇತುವೆ ಹತ್ತಿ ಇಳಿದು ಬಂದಿದ್ದರೆ ಅವರು ಇದನ್ನು ಹತ್ತಬೇಕಾಗಿರಲಿಲ್ಲ.

ಗ್ರಾಂಟ್ ರೋಡಿನಲ್ಲಿ ಇಳಿದ ಮೇಲೆ ಅವರಿಗೆ ಕೂರಬೇಕಾಯಿತು. ಹತ್ತಿರದ ಉಡುಪಿ ಹೋಟೆಲಿಗೆ ಹೋದೆವು. ಕಾಫಿ ಬಂದ ಮೇಲೆ ಅವರು ಹೇಳಿದರು:

"ಆ ವಾಚ್‌ಮನ್‌ನನ್ನು ತೆಗೆದ್ರು, ಗೊತ್ತುಂಟಾ? ನಾನೇ ಕಂಪ್ಲೇಂಟ್ ಕೊಟ್ಟದ್ದು."

ನಾನು ಲೋಟ ಕೆಳಗಿಟ್ಟೆ.

"ಸೈಕಲ್ ಬಿತ್ತು ಅಂತ ಅಲ್ಲ. ಬಿತ್ತು ಅಂತ ಒಪ್ಪಿಕೊಂಡಿದ್ರೆ ನಾನು ಬಿಟ್ಟುಬಿಡ್ತಿದ್ದೆ. ಬೆಡ್‌ಶೀಟಲ್ಲಿ ಸುತ್ತಿ ಇಳಿಸಿದೆ, ಕೆಡವಲೇ ಇಲ್ಲ ಅಂತ ತನ್ನ ಹೆಣ್ಣುಮಕ್ಕಳ ಮೇಲೆ ಆಣೆ ಇಟ್ಟ. ಮುಖ ನೋಡಿಕೊಂಡೇ ಸುಳ್ಳು ಹೇಳುವವರನ್ನು ಕಂಡ್ರೆ ನನಗೆ ಆಗುದಿಲ್ಲ. ಶಾಲೆಯಲ್ಲೂ ಹಾಗೇ ಇದ್ದೆ."

"ಹೌದ್ರಿ," ಎಂದೆ ನಾನು.

ಅದುವರೆಗೆ ಹೇಳಿದ ಎಲ್ಲ ಸುಳ್ಳುಗಳಿಗಿಂತ ಆ ಒಂದು 'ಹೌದ್ರಿ' ಇವತ್ತಿಗೂ ನನ್ನನ್ನು ಹೆಚ್ಚು ಸುಡುತ್ತದೆ.

ಚಾಚಾ ತಮ್ಮ ಮೂರಡಿ ಅಗಲದ ಜಾಗದಲ್ಲಿ ಒಂದು ರಿಮ್ಮಿನ ಬೆಂಡ್ ತೆಗೆಯುತ್ತಿದ್ದರು. ಟೀಚರಿಗೆ ಸ್ಟೂಲ್ ಕೊಟ್ಟು, ಚಕ್ರವನ್ನು ತೊಡೆಯ ಮೇಲೆ ಇಟ್ಟುಕೊಂಡರು. ಡಬ್ಬಿಯಿಂದ ಎರಡು ಕಚ್ಚಿನ ಆ ಪಾನಾ ತೆಗೆದು, ಫ್ರೀವೀಲಿಗೆ ಹೊಂದಿಸಿ, ವೈಸಿನ ಕಬ್ಬಿಣದ ಇಕ್ಕಳದಲ್ಲಿ ಬಿಗಿದು, ರಿಮ್ಮನ್ನು ಎರಡೂ ಕೈಯಲ್ಲಿ ಹಿಡಿದು ಒಮ್ಮೆ ತಿರುವಿದರು. ಫ್ರೀವೀಲ್ ಬಿಚ್ಚಿಕೊಂಡಿತು. ಕಚ್ಚಿನ ಮೇಲಿದ್ದ ಉಳಿಯ ಗುರುತುಗಳನ್ನು ನೋಡಿ ಅದನ್ನು ಪಕ್ಕಕ್ಕಿಟ್ಟರು. ಹಬ್ ಮಾಡಿದ ಕಂಪನಿಯ ಗುರುತೇನಾದರೂ ಕಾಣುತ್ತದೋ ಎಂದು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಅದನ್ನು ಒರೆಸಿದರು. ಸೀಳಿನೊಳಗಿನ ಗ್ರೀಸ್ ಕರಗಿ ಬಂತು. ಲೋಹ ಬೆಳ್ಳಗೆ ಹೊಳೆಯಿತು.

ಚಾಚಾ ಉಗುರನ್ನು ಆ ಸೀಳಿನ ಮೇಲೆ ಆಡಿಸಿ ನನ್ನನ್ನು ನೋಡಿದರು. "ಯೇ ಕಬ್ ಟೂಟಾ?" ಇದು ಯಾವಾಗ ಒಡೆದದ್ದು?

"ಪೆಹಲೇ ಸೇ ಥಾ," ಎಂದೆ. ಮೊದಲಿಂದಲೂ ಇತ್ತು.

ಅವರು ಟೀಚರ ಕಡೆ ನೋಡಿದರು. ಟೀಚರ್ ಮೊಣಕಾಲು ಒತ್ತಿಕೊಳ್ಳುತ್ತಾ ಗಲ್ಲಿಯ ಕಡೆ ಮುಖ ಮಾಡಿದ್ದರು. "ಪರಸೋಂ ಆವೋ," ಎಂದರು ಚಾಚಾ. ನಾಡಿದ್ದು ಬಾ. ಹಳೆಯ ಡಬ್ಬಿಗಳಲ್ಲಿ ಹುಡುಕಿಡುತ್ತೇನೆ. ಬೆಹೆನ್‌ಜಿಗೆ ತ್ರಾಸ ಕೊಡಬೇಡ, ನೀನೊಬ್ಬನೇ ಬಾ.

ಎರಡು ದಿನ ಬಿಟ್ಟು ಹೋಗಬೇಕಾದವನು ನಾಲ್ಕು ದಿನ ಬಿಟ್ಟು ಹೋದೆ. ಹಬ್ ಸಿಕ್ಕಿತ್ತು. ಯಾವುದೋ ಕಾಲದಲ್ಲಿ ಒಬ್ಬ ರೇಸಿನವನು ರಿಮ್ ಹಾಳಾದ ಚಕ್ರವನ್ನು ಬಿಟ್ಟುಹೋಗಿದ್ದನಂತೆ. ಅದರ ಹಬ್ ಬಿಚ್ಚಿ ಇಟ್ಟಿದ್ದರು. ಮೂವತ್ತಾರು ತೂತು. ಅಳತೆ ಹಿಡಿದೆ, ನೂರಾ ಇಪ್ಪತ್ತಾರು. ಫ್ರೀವೀಲ್ ಬೆರಳಿನಲ್ಲೇ ಮರೆ ಹಿಡಿದು ಒಳಗೆ ಹೋಯಿತು. ಬೇರಿಂಗಿನ ಗುಂಡುಗಳನ್ನು ಬದಲಿಸಿದರೆ ಸಾಕಿತ್ತು.

"ಇಲ್ಲೇ ಕೂತು ನೀನೇ ಕಟ್ಟು," ಎಂದರು ಚಾಚಾ ಹಿಂದಿಯಲ್ಲಿ. ಹಳೆಯ ಹಬ್ ಬಿಚ್ಚಿ, ಹೊಸ ಕಡ್ಡಿಗಳನ್ನು ಒಂದೊಂದಾಗಿ ಪೋಣಿಸಲು ಕೂತೆ. ಮೊದಲು ಬಲಗಡೆಯವು, ಆಮೇಲೆ ಎಡಗಡೆಯವು. ಒಂದೊಂದು ಕಡ್ಡಿಯೂ ಎರಡು ಕಡ್ಡಿಗಳ ಮೇಲೆ ಹಾದು ಮೂರನೆಯದರ ಕೆಳಗೆ ನುಸುಳಬೇಕು. ಫ್ರೀವೀಲಿನ ಬದಿಯ ಕಡ್ಡಿಗಳು ಹೆಚ್ಚು ಬಿಗಿ ಇರಬೇಕು, ಇಲ್ಲದಿದ್ದರೆ ರಿಮ್ ಫ್ರೇಮಿನ ನಡುವೆ ನಿಲ್ಲುವುದಿಲ್ಲ. ಚಾಚಾ ಒಡೆದ ಹಬ್ ಕೈಯಲ್ಲಿ ಹಿಡಿದು ಕೂತಿದ್ದರು.

ಅರ್ಧ ಕೆಲಸ ಆದಾಗ ಹೇಳಿದರು, "ಯೇ ತೋ ತಾಜಾ ಹೈ." ಇದು ಹೊಸ ಒಡಕು.

ನಾನು ಮುಂದಿನ ಕಡ್ಡಿ ಪೋಣಿಸಿದೆ.

"ನನ್ನ ಕೈಯಲ್ಲೂ ಎಷ್ಟೋ ಒಡೆದಿವೆ," ಎಂದರು. "ಉಳಿಯಿಂದ, ಸುತ್ತಿಗೆಯಿಂದ. ಅದನ್ನು ನಾನು ಕೇಳುತ್ತಿಲ್ಲ. ಗ್ರೀಸ್ ಯಾಕೆ ತುಂಬಿದೆ?"

ಉತ್ತರಕ್ಕೆ ಅವರು ಕಾಯಲಿಲ್ಲ. ಒಡೆದ ಹಬ್ಬನ್ನು ಕಾಗದದಲ್ಲಿ ಸುತ್ತಿ ನನ್ನ ಚೀಲಕ್ಕೆ ಹಾಕಿ, ತಮ್ಮ ಕೆಲಸಕ್ಕೆ ತಿರುಗಿದರು. ಚಕ್ರ ಮುಗಿಸಿ ಹೊರಟಾಗ ನಾನು ಸಲಾಮ್ ಹೇಳಿದೆ. ಅವರು ತಲೆಯಾಡಿಸಿದರು, ಅಷ್ಟೇ.

ಚಕ್ರ ಇದ್ದುದರಿಂದ ಲೋಕಲ್ಲಿನ ಲಗೇಜ್ ಡಬ್ಬಿ ಹತ್ತಿದೆ. ಮೀನಿನ ಬುಟ್ಟಿಗಳ ನಡುವೆ ನಿಂತು, ಏನು ಹೇಳಿದರೆ ನನ್ನ ತಪ್ಪು ಸಣ್ಣದಾಗಿ ಕಾಣುತ್ತದೆ ಎಂದು ಲೆಕ್ಕ ಹಾಕುತ್ತಾ ಬಂದೆ. ಚಕ್ರ ಸಿದ್ಧವಾಗಿದೆ, ಅದನ್ನು ಹಾಕಿಕೊಟ್ಟು, ಅವರು ಖುಷಿಯಲ್ಲಿದ್ದಾಗ ಹೇಳಬಹುದು. ಆಪರೇಶನ್ ಆದ ಮೇಲೆ ಹೇಳಬಹುದು. ವಾಚ್‌ಮನ್‌ಗೆ ಬೇರೆ ಕೆಲಸ ನೋಡಿಕೊಟ್ಟುಬಿಡಬಹುದು, ಆಗ ಹೇಳುವ ಅಗತ್ಯವೇ ಬರುವುದಿಲ್ಲ. ಕುರ್ಲಾ ಬರುವಷ್ಟರಲ್ಲಿ ಇಂಥ ನಾಲ್ಕೈದು ದಾರಿ ಹೊಳೆದಿದ್ದವು. ಎಲ್ಲವೂ ಆ ಸೀಳಿಗೆ ಗ್ರೀಸ್ ತುಂಬುವ ದಾರಿಗಳೇ ಎಂದು ಚೆಂಬೂರಿನ ಪ್ಲಾಟ್‌ಫಾರ್ಮ್ ಮೇಲೆ ಇಳಿದಾಗ ಅನಿಸಿತು. ಅಂಗಡಿಗೆ ಹೋಗಲಿಲ್ಲ. ಚಕ್ರ ಹಿಡಿದುಕೊಂಡೇ ಟೀಚರ ಮನೆಯ ಮೆಟ್ಟಿಲು ಹತ್ತಿದೆ.

ಅವರು ಬಾಗಿಲು ತೆಗೆದು ಚಕ್ರ ನೋಡಿ ಮುಖ ಅರಳಿಸಿದರು. "ಸಿಕ್ಕಿತಾ? ಬನ್ನಿ, ಕೂತ್ಕೊಳ್ಳಿ."

ನಾನು ಚೀಲದಿಂದ ಒಡೆದ ಹಬ್ ತೆಗೆದು ಮೇಜಿನ ಮೇಲೆ ಇಟ್ಟೆ. "ಟೀಚರ್, ಇದನ್ನ ಯಾರೂ ಕೆಡವಿಲ್ರಿ. ನಾನು ಒಡದೀನಿ. ಸುತ್ತಿಗಿ ಹೊಡಿಯಾಕ ಹೋಗಿ ಒಡೀತು. ಹಳೇದು ಕಾಣಲಿ ಅಂತ ಗ್ರೀಸ್ ಹಚ್ಚೀನಿ. ವಾಚ್‌ಮನ್‌ಂದು ಏನೂ ತಪ್ಪಿಲ್ರಿ."

ಅವರು ಹಬ್ ಕೈಗೆತ್ತಿಕೊಂಡು ಸೀಳನ್ನು ಬೆರಳಿನಿಂದ ಮುಟ್ಟಿದರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಅವ ಅತ್ತುಬಿಟ್ಟ," ಎಂದರು. "ಗೇಟಿನಲ್ಲಿ, ಎಲ್ಲರ ಎದುರು. ನಾಟಕ ಮಾಡ್ಬೇಡ ಅಂದೆ ನಾನು."

"ಟೀಚರ್..."

"ಹಬ್ ಒಡೆದದ್ದಕ್ಕೆ ನಾನೇನೂ ಹೇಳ್ತಿರ್ಲಿಲ್ಲ. ಹೋಟೆಲಿನಲ್ಲಿ ನಾನು ಹೇಳಿದಾಗ ಹೌದ್ರಿ ಅಂದ್ರಲ್ಲ ನೀವು. ಹೇಗೆ ಅಂದ್ರಿ?"

ನಾನು ಕೂರಲು ಹೋದೆ. "ಕೂತ್ಕೊಳ್ಬೇಡಿ. ಕೆಳಗೆ ಬನ್ನಿ," ಎಂದು ಅವರು ಚಪ್ಪಲಿ ಹಾಕಿಕೊಂಡರು.

ಬಿಲ್ಡಿಂಗಿನವರ ಸೊಸೈಟಿಯ ಆಫೀಸಿನಲ್ಲಿ ಸೆಕ್ರೆಟರಿ ಮತ್ತು ಇನ್ನಿಬ್ಬರು ಇದ್ದರು. ಟೀಚರ್ ಬಾಗಿಲಲ್ಲೇ ನಿಂತು, ನನಗೆ ಮಾತಾಡಲು ಸನ್ನೆ ಮಾಡಿದರು. ಅದೇ ಮಾತನ್ನು ಹಿಂದಿಯಲ್ಲಿ ಮತ್ತೊಮ್ಮೆ ಹೇಳಿದೆ. ಸೆಕ್ರೆಟರಿ ಮಧ್ಯದಲ್ಲಿ ತಡೆದು ಎರಡು ಸಲ ಹೇಳಿಸಿದರು. ನಂತರ ಒಂದು ಹಾಳೆ ಮುಂದಿಟ್ಟು, ಬರೆದು ಸಹಿ ಮಾಡು ಎಂದರು. ಬರೆದೆ. ನನ್ನ ಮಾತು ಮುಗಿದ ಮೇಲೆ ಟೀಚರ್ ಮರಾಠಿಯಲ್ಲಿ, "ಕಂಪ್ಲೇಂಟ್ ನಾನು ಕೊಟ್ಟದ್ದು. ತಪ್ಪು ನನ್ನದೂ ಇದೆ, ಅದನ್ನೂ ಬರೆಯಿರಿ," ಎಂದರು. ಅವರು ಹಾಗೆ ಹೇಳಬೇಕಾಗಿ ಬಂದದ್ದನ್ನು ನಾನು ನಿಂತು ಕೇಳಬೇಕಾಯಿತು.

ಬಿಲ್ಡಿಂಗುಗಳಿಗೆ ಕಾವಲಿನವರನ್ನು ಕಳಿಸುವ ಏಜೆನ್ಸಿಯವರು ವಾಚ್‌ಮನ್‌ನನ್ನು ಮಾನ್‌ಖುರ್ದಿನ ಕಡೆ ಕಟ್ಟುತ್ತಿದ್ದ ಒಂದು ಬಿಲ್ಡಿಂಗಿನ ಸೈಟಿಗೆ ಹಾಕಿದ್ದರು. ಮರುದಿನ ಮಧ್ಯಾಹ್ನ ಹೋದೆ. ತಗಡಿನ ಬೇಲಿಯ ಪಕ್ಕ, ನೆರಳಿಲ್ಲದ ಜಾಗದಲ್ಲಿ ಸಿಮೆಂಟ್ ಲಾರಿಗಳಿಗೆ ಕೈ ತೋರಿಸುತ್ತಾ ನಿಂತಿದ್ದ. ನನ್ನನ್ನು ಕಂಡು ಅವನ ಮುಖ ಬೆಳಗಿತು. "ಅಣ್ಣಾ! ಇಲ್ಲಿ ತನಕಾ ಬಂದ್ರಿ?" ಎಂದು, ಬಾಟಲಿಯ ನೀರು ಕೊಡಲು ಬಂದ.

ನಿಂತಲ್ಲೇ ಎಲ್ಲ ಹೇಳಿದೆ. ಅವನನ್ನು ವಾಪಸ್ ಕರೆಸಲು ಸೆಕ್ರೆಟರಿ ಒಪ್ಪಿದ್ದನ್ನೂ ಹೇಳಿದೆ. ಅವನು ಬಾಟಲಿಯ ಮುಚ್ಚಳ ಹಾಕಿದ. ಒಂದು ಲಾರಿ ಬಂತು. ಅದನ್ನು ಒಳಗೆ ಬಿಟ್ಟು ಬಂದು ನಿಂತ.

"ನನ್ನ ಹೇಣ್ತಿನೂ ಕೇಳಿದ್ಲ್ರಿ," ಎಂದ. "ಖರೇ ಹೇಳು, ಕೆಡವಿದ್ದಿ ಏನು ಅಂತ. ಇಲ್ಲ ಅಂದೆ. ಆಕಿಗೆ ನಂಬಿಕಿ ಬರಲಿಲ್ಲ. ಟೀಚರ್ ಅಂಥವ್ರು ಸುಳ್ಳ ಹೇಳ್ತಾರೇನ ಅಂದ್ಲು."

"ತಮ್ಮಾ, ನನ್ನಿಂದ..."

"ಆಮ್ಯಾಲೆ ನನಗೂ ಹಂಗ ಅನಿಸಾಕ ಹತ್ತಿತ್ತು. ಇಳಸೂ ಮುಂದ ಗ್ವಾಡಿಗಿ ತಾಗಸಿದ್ನೇನೊ, ನನಗೇ ಗೊತ್ತಾಗಿಲ್ಲೇನೊ ಅಂತ. ದಿನಾ ನಿಂತಲ್ಲೆ ನಿಂತು ಅದನ್ನ ನೆನಸ್ತಿದ್ದೆ. ಎಷ್ಟನೇ ಮೆಟ್ಟಲಾ, ಯಾವ ಕೈಯಾಗ ಹಿಡಿದಿದ್ದೆ, ಎಲ್ಲಾ."

ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ನಾನು ಕೈ ಮುಗಿದೆ. "ಬ್ಯಾಡ್ರಿ," ಎಂದು ಅವನು ಒಂದು ಹೆಜ್ಜೆ ಹಿಂದೆ ಸರಿದ. ಮತ್ತೊಂದು ಲಾರಿ ಹಾರ್ನ್ ಹೊಡೆಯಿತು.

ಚಕ್ರವನ್ನು ಸೈಕಲ್ಲಿಗೆ ಜೋಡಿಸಿದ್ದು ನಾನೇ. ಬ್ರೇಕ್, ಗೇರು, ಚೈನು, ಎಲ್ಲ ಹೊಂದಿಸಿ ಟೀಚರ ಮನೆಗೆ ತಲುಪಿಸಿದೆ. ಎರಡು ದಿನ ಬಿಟ್ಟು, ಸ್ಟೇಷನ್ನಿನ ಆಚೆ ಇರುವ ಇನ್ನೊಬ್ಬ ಮೆಕ್ಯಾನಿಕ್ ನನ್ನನ್ನು ಕಂಡಾಗ ಹೇಳಿದ: "ಒಬ್ಬ ಟೀಚರ್ ನೀನು ಕಟ್ಟಿದ ಚಕ್ರ ತಂದಿದ್ದರು. ಹಬ್ ಒಡೆದಿದೆಯಾ, ಕಡ್ಡಿ ಬಿಗಿ ಇದೆಯಾ ನೋಡು ಅಂದರು. ಎಲ್ಲ ಸರಿ ಇತ್ತಪ್ಪ. ಯಾಕೆ ತಂದರೋ." ನಾನು ಗೊತ್ತಿಲ್ಲ ಎನ್ನಲು ಬಾಯಿ ತೆರೆದೆ. ಆಮೇಲೆ, "ಅವರು ನೋಡಿಸಿದ್ದು ಸರಿ ಐತಿ," ಎಂದೆ.

ಆ ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಅಂಗಡಿಗೆ ಬಂದು ಶಟರ್ ಅರ್ಧ ಎತ್ತಿ ನಿಂತಿದ್ದೆ. ಮೂವರು ಹೆಂಗಸರು, ಮೂವರದೂ ನರೆತ ತಲೆ, ಗೇಟಿನಿಂದ ಹೊರಟರು. ಟೀಚರ್ ಮೊದಲ ನಾಲ್ಕು ಪೆಡಲಿಗೆ ಹಲ್ಲು ಕಚ್ಚಿದ್ದು ದೂರದಿಂದಲೂ ಕಂಡಿತು. ಆಮೇಲೆ ಕಾಲುಗಳಿಗೆ ಹಳೆಯ ಲಯ ಸಿಕ್ಕಿತು. ಬೆನ್ನು ಬಾಗಿತು, ಕೈಗಳು ಹ್ಯಾಂಡಲಿನ ಕೆಳಗಿನ ಬಾಗಿಗೆ ಇಳಿದವು. ಹಿಂದಿನ ಚಕ್ರ ಕೂದಲೆಳೆಯಷ್ಟೂ ಓಲಾಡದೆ ತಿರುಗುತ್ತಿತ್ತು. ನನ್ನ ಅಂಗಡಿಯ ಮುಂದೆ ಹಾದುಹೋಗುವಾಗ ಅವರು ಈ ಕಡೆ ನೋಡಲಿಲ್ಲ. ಮರೀನ್ ಡ್ರೈವ್ ಮುಟ್ಟಿದರು ಎಂದು ಆಮೇಲೆ ಬೇರೆಯವರಿಂದ ತಿಳಿಯಿತು. ಆಪರೇಶನ್ ಆಯಿತು, ಈಗ ಕೋಲು ಹಿಡಿದು ಕಾಂಪೌಂಡಿನಲ್ಲಿ ಓಡಾಡುತ್ತಾರೆ.

ವಾಚ್‌ಮನ್ ಹತ್ತು ದಿನ ಬಿಟ್ಟು ಹಳೆಯ ಗೇಟಿಗೆ ವಾಪಸ್ ಬಂದ. ಅಂಗಡಿಗೆ ಬರಲಿಲ್ಲ. ಬರಲಿ ಎಂದು ನಾನೂ ಕರೆಯಲಿಲ್ಲ, ಕರೆಯಲು ಯಾವ ಮುಖ? ಮಾರ್ಚ್‌ನಲ್ಲಿ ಆ ಬಿಲ್ಡಿಂಗಿನ ಮೂರನೆಯ ಮಾಳಿಗೆಯವರು ಮಗುವಿನ ಸೈಕಲ್ಲಿಗೆ ಬ್ರೇಕ್ ಹಾಕಲು ಕರೆದರು. ಪಾನಾದ ಚೀಲ ಹಿಡಿದು ಗೇಟಿಗೆ ಹೋದೆ. ಅವನು ಕುರ್ಚಿಯಿಂದ ಎದ್ದು ಅಡ್ಡ ನಿಂತ. ಯೂನಿಫಾರ್ಮಿನ ಗುಂಡಿಗಳನ್ನೆಲ್ಲ ಸರಿಯಾಗಿ ಹಾಕಿಕೊಂಡಿದ್ದ.

"ಕಿಸ್‌ಕೆ ಪಾಸ್ ಜಾನಾ ಹೈ?" ಯಾರ ಹತ್ತಿರ ಹೋಗಬೇಕು ಎಂದು ಹಿಂದಿಯಲ್ಲಿ ಕೇಳಿದ.

ಯಾರ ಮನೆಗೆ, ಯಾವ ಮಾಳಿಗೆ, ಏನು ಕೆಲಸ ಎಂದು ನಾನು ಹಿಂದಿಯಲ್ಲೇ ಹೇಳಿದೆ. ಅವನು ಮೇಲೆ ಫೋನ್ ಮಾಡಿ ಕೇಳಿದ. ಅವರು ಹೂಂ ಎನ್ನುವವರೆಗೆ ನಾನು ಗೇಟಿನ ಹೊರಗೆ ನಿಂತಿದ್ದೆ.